ಸಾಂಬಾರಿನ ರುಚಿ ನೋಡಿ ಆರೋಗ್ಯ ವಿಮೆ

ಸ್ವಲ್ಪ ತಡೆಯಿರಿ! ಕೈಯಲ್ಲಿರುವ ಚಹಾ ಮೊದಲು ಕೆಳಗಿಡಿ, ಇದನ್ನು ಓದುವಾಗ ನೆತ್ತಿಗೆ ಹತ್ತೀತು. ಪ್ರಪಂಚವೆಲ್ಲ ಆರೋಗ್ಯ ವಿಮೆಯನ್ನು ಪ್ರೀಮಿಯಂ ನೋಡಿ ಆರಿಸುತ್ತದೆ. ನಮ್ಮ ಮಾವ ಸಾಂಬಾರಿನ ರುಚಿ ನೋಡಿ ಆರಿಸುತ್ತಾರೆ. ನಂಬುವುದಿಲ್ಲವೇ? ಅವರ ಹಿಂದೆ ಮುಂಬೈ ಕಡೆಯ ಡೊಂಬಿವಿಲಿಯಿಂದ ಬೇಲಾಪುರದವರೆಗೆ ಅಲೆದವನು ನಾನು, ನನ್ನನ್ನು ಕೇಳಿ!

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮೂಲ ಉಡುಪಿ ಕಡೆ, ಅರ್ಧ ಆಯುಷ್ಯ ಕಳೆದದ್ದು ಮಸ್ಕತ್ತಿನ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ. ಅತ್ತೆಯೂ ಅಲ್ಲೇ ಇದ್ದಾರೆ. ಅರವತ್ತು ದಾಟಿದರೂ ಮಾವ ಸೌಟು ಕೆಳಗಿಟ್ಟಿಲ್ಲ. ಬೇರೆ ಹೋಟೆಲಿಗೆ ಹೋದರೆ ಅವರು ತಿನ್ನುವುದಿಲ್ಲ, ತಪಾಸಣೆ ಮಾಡುತ್ತಾರೆ. ಇಡ್ಲಿಯನ್ನು ಬೆರಳಿನಿಂದ ಒತ್ತಿ, ನಾಡಿ ಹಿಡಿದ ವೈದ್ಯರಂತೆ ಕಣ್ಣು ಮುಚ್ಚುತ್ತಾರೆ. ನೀರಿನ ಲೋಟವನ್ನು ಮೂಸುತ್ತಾರೆ. ನನ್ನ ತಂಗಿಗೆ ಹುಡುಗನನ್ನು ನೋಡಲು ಹೋದಾಗ ಅವರ ಮನೆಯ ಉಪ್ಪಿಟ್ಟು ತಿಂದು, "ರವೆ ಹುರಿದದ್ದು ಸಾಲದು" ಎಂದು ಎಲ್ಲರೆದುರು ಹೇಳಿದವರು. ಆದರೂ ಆ ಸಂಬಂಧ ಕೂಡಿಬಂತಲ್ಲ, ಅದು ಹುಡುಗನ ಪುಣ್ಯ!

ಈ ಸಲ ರಜೆಗೆ ನಮ್ಮ ಮನೆಗೆ ಬಂದವರು ಒಂದು ತಲೆನೋವನ್ನೂ ಹೊತ್ತು ತಂದಿದ್ದರು. ಅವರ ಹೃದಯದಲ್ಲಿ ಈಗಾಗಲೇ ಒಂದು ಸ್ಟೆಂಟ್ ಇದೆ. ಮುಂದೆ ಯಾವಾಗಲಾದರೂ ದೊಡ್ಡ ಆಪರೇಷನ್ ಬೇಕಾದೀತು ಎಂದು ಡಾಕ್ಟರು ಹೇಳಿಯಾಗಿದೆ. ಹೋಟೆಲಿನ ಮಾಲೀಕರು ಮಾತ್ರ, "ಇಷ್ಟು ವಯಸ್ಸಾದವರಿಗೆ ಕಂಪನಿಯ ವಿಮೆ ಇನ್ನು ಸಿಗುವುದಿಲ್ಲ, ನಿಮ್ಮದು ನೀವೇ ಮಾಡಿಕೊಳ್ಳಿ" ಎಂದಿದ್ದರು. ಮಸ್ಕತ್ತಿನಲ್ಲೂ ನಡೆಯಬೇಕು, ಆಪರೇಷನ್ ಆಗುವುದಾದರೆ ನಮ್ಮ ಹತ್ತಿರವೇ ಆಗಬೇಕು, ಅಂಥ ಪಾಲಿಸಿ ಬೇಕು. ಅದೂ ಹಳೆಯದು ಮುಗಿಯುವ ಮೊದಲೇ ಬೇಕು. ನಡುವೆ ಒಂದು ದಿನ ಖಾಲಿ ಬಿದ್ದರೂ ಹೊಸ ಕಂಪನಿಯವರು ಸ್ಟೆಂಟಿನ ಹೆಸರು ಹೇಳಿ ಕೈ ಎತ್ತಿಬಿಡಬಹುದು.

ಇಲ್ಲಿ ನನ್ನ ಪ್ರವೇಶ! ವಿಮೆಯ ವಿಷಯ ನನಗೆ ಯಾರೂ ಕಲಿಸಿದ್ದಲ್ಲ. ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಕಲಿತದ್ದು. ಹಳೆಯ ಕಾಯಿಲೆಗೆ ದುಡ್ಡು ಕೊಡುವ ಮೊದಲು ಕಂಪನಿ ಕಾಯಿಸುವ 'ವೇಟಿಂಗ್ ಪೀರಿಯಡ್' ಎಂದರೆ ಬೇರೆಯವರಿಗೆ ಆಕಳಿಕೆ, ನನಗೆ ರೋಮಾಂಚನ! ನಮ್ಮ ಕಡೆಯ ಒಂದೊಂದು ಹೃದಯದ ಆಸ್ಪತ್ರೆಗೆ ನಡೆಯುವ ಮೂರು ಪಾಲಿಸಿಗಳನ್ನು ಸೋಸಿ ತೆಗೆದು, ಮಾವನನ್ನು ಸೋಫಾದಲ್ಲಿ ಕೂರಿಸಿ ಭಾಷಣ ಶುರುಮಾಡಿದೆ.

"ಮಾವ, ದೇಖೋ, ಇದು ಥಾಣೆ ಆಸ್ಪತ್ರೆಯದ್ದು, ಎ ವನ್. ಬಿಲ್ಲೆಲ್ಲ ಕಂಪನಿಯೇ ಕೊಡ್ತದೆ. ಎರಡನೆಯದು ರಬಾಳೆಯದ್ದು, ಠೀಕ್ ಠಾಕ್. ಬೇಲಾಪುರದ್ದು ಬೇಡವೇ ಬೇಡ, ಬಿಲ್ಲಿನಲ್ಲಿ ನಮ್ಮ ಪಾಲೂ ಕಟ್ಟಬೇಕು."

ಮಾವ ಗಂಭೀರವಾಗಿ ತಲೆಯಾಡಿಸಿದರು. "ಅದೆಲ್ಲ ಸರಿ ಮಾರಾಯ. ಕ್ಯಾಂಟೀನ್ ಹೇಗುಂಟು?"

ತಮಾಷೆ ಎಂದುಕೊಂಡೆ. ಅಷ್ಟರಲ್ಲಿ ಥಾಣೆ ಪಾಲಿಸಿಯ ಹುಡುಗಿಯ ಫೋನ್ ಬಂತು. ಪಾಪ, ಎಲ್ಲ ವಿವರಿಸಿ, ಏನಾದರೂ ಕೇಳುವುದಿದೆಯೇ ಎಂದಳು. ಮಾವ ಗಂಟಲು ಸರಿಮಾಡಿಕೊಂಡು ತಮ್ಮ ಹಿಂದಿಯಲ್ಲಿ ಬೆಳ್ಳುಳ್ಳಿಯ ವಿಚಾರ ಕೇಳಿದರು: "ಆಪ್ ಕಾ ಹಾಸ್ಪಿಟಲ್ ಮೇಂ ಸಾಂಬಾರ್ ಕೋ ಲಸೂನ್ ಡಾಲ್ತಾ ಹೈ ಕ್ಯಾ?"

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಬಹಳ ವಿನಯದಿಂದ ಉತ್ತರ ಬಂತು: "ಸರ್, ಪಾಲಿಸಿ ಮೇಂ ವೋ ಮೆನ್ಷನ್ ನಹೀಂ ಹೈ."

"ನೋಡಿದಿಯಾ? ಮುಖ್ಯ ವಿಷಯವೇ ಬರೆಯಲಿಲ್ಲ ಅವರು!" ಎಂದು ಮಾವ ನನ್ನತ್ತ ತಿರುಗಿದರು.

ಸರಿ, ಥಾಣೆಗೆ ಹೋದೆವು. ಆಸ್ಪತ್ರೆಯೋ ವಿಮಾನ ನಿಲ್ದಾಣವೋ! ನೆಲದಲ್ಲಿ ಮುಖ ನೋಡಿ ತಲೆ ಬಾಚಬಹುದು. ನನಗಂತೂ ಅಲ್ಲೇ ಒಂದು ಸಣ್ಣ ಜ್ವರ ಬಂದು ಮಲಗುವ ಆಸೆಯಾಯಿತು. ಮಾವ ಹೃದಯದ ವಿಭಾಗವನ್ನು ಕಣ್ಣೆತ್ತಿಯೂ ನೋಡದೆ ಕ್ಯಾಂಟೀನಿಗೆ ನುಗ್ಗಿದರು. ಗಾಜಿನ ಪೆಟ್ಟಿಗೆಯಲ್ಲಿ ತಣ್ಣಗಿನ ಸ್ಯಾಂಡ್‌ವಿಚ್, ಪಕ್ಕದಲ್ಲಿ ಕಾಫಿ ಮೆಷಿನ್. ಮೆಷಿನ್ನಿಗೆ ಮಾವ ಹಿಂದೆ ಮುಂದೆ ಪ್ರದಕ್ಷಿಣೆ ಹಾಕಿ ಬಂದು, "ಇದರ ಹತ್ತಿರ ಎಂತ ಕೇಳುವುದು? ಬಾಯಿಯೇ ಇಲ್ಲ ಇದಕ್ಕೆ. ನಡಿ" ಎಂದರು.

ನನ್ನ ಎ ವನ್ ಪಾಲಿಸಿ ಅಲ್ಲಿಗೆ ಢಮಾರ್!

ಮರುವಾರ ರಬಾಳೆ. ಫ್ಯಾಕ್ಟರಿಗಳ ನಡುವಿನ ಆಸ್ಪತ್ರೆ. ಕ್ಯಾಂಟೀನ್ ನಡೆಸುವಾತ ಕಲಬುರಗಿಯವನು, ದನಿಯೋ ಪ್ಲಾಟ್‌ಫಾರಂ ಅನೌನ್ಸ್‌ಮೆಂಟಿನಂಥದ್ದು.

"ಬರ್ರೀ ಯಜಮಾನ್ರ! ಪೇಷಂಟ್ ಎಲ್ಲಿ ಅದಾರ್ರೀ?"

"ನಾನೇ ಪೇಷಂಟ್. ಈಗ ಅಲ್ಲ, ಆಗ್ಲಿಕ್ಕುಂಟು."

"ಅಡ್ವಾನ್ಸ್ ಬುಕಿಂಗ್ ಏನ್ರೀ? ಕುಂದರ್ರಿ, ಕುಂದರ್ರಿ!" ಎಂದು ನಗುತ್ತ ಬಿಸಿ ಜೋಳದ ರೊಟ್ಟಿಯ ಜೊತೆ ಬೆಳ್ಳುಳ್ಳಿ ಚಟ್ನಿ ಇಟ್ಟ.

ಅಬ್ಬಾ, ಮಾವ ತಿಂದದ್ದು ನೋಡಬೇಕಿತ್ತು! ತಪಾಸಣೆ ಇಲ್ಲ, ಮೂಸುವುದೂ ಇಲ್ಲ. ಹಣೆಯಲ್ಲಿ ಬೆವರು, ಬಾಯಲ್ಲಿ ಹಾ ಹಾ, ಮತ್ತೆ ಚಟ್ನಿಗೆ ಕೈ! ಗೆದ್ದೆ, ರಬಾಳೆಯೇ ಖಾಯಂ ಎಂದು ಮೊಬೈಲ್ ತೆಗೆದೆ. ಮಾವ ಕೈತೊಳೆದು ಬಂದು ತೀರ್ಪು ಕೊಟ್ಟರು: "ಫೇಲ್."

"ಕ್ಯೋಂ? ಅಷ್ಟು ತಿಂದಿರಲ್ಲ!"

"ಬೆಳ್ಳುಳ್ಳಿ ಜಾಸ್ತಿ."

ಬಟ್ಟಲನ್ನು ನೆಕ್ಕಿ ಖಾಲಿಮಾಡಿದವರು ಹೇಳುವ ಮಾತೇ ಇದು? ಸ್ಟೇಷನ್ನಿಗೆ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. "ಮಾವ, ಹಳೆ ಪಾಲಿಸಿ ಈ ತಿಂಗಳಿಗೆ ಖತಂ. ಹಾಗೇ ವಿಮಾನ ಹತ್ತಿದ್ರೆ, ನಾಳೆ ಅಲ್ಲಿ ಏನಾದ್ರೂ ಆದ್ರೆ, ಅತ್ತೆ ಒಬ್ಬರೇ ಏನು ಮಾಡ್ಬೇಕು? ನೀವು ಆಪರೇಷನ್‌ಗೆ ಹೋಗುವುದಾ, ಸಾಂಬಾರ್ ಕುಡಿಲಿಕ್ಕಾ?"

ಮಾವ ಹಳಿಯ ಕಡೆ ಕತ್ತು ಚಾಚಿದರು. ಬೇಲಾಪುರದ ಕಡೆಯ ಟ್ರೇನ್ ಬಂತು, ಹತ್ತಿದರು. ನಾನೂ ಹತ್ತಿದೆ, ಇನ್ನೇನು ಮಾಡಲಿ?

ಬೇಲಾಪುರದ ಆಸ್ಪತ್ರೆ ದೊಡ್ಡದಲ್ಲ. ಕ್ಯಾಂಟೀನಿನಲ್ಲಿ ಮಾವ ಕೇಳಿದ್ದು ಒಂದೇ ಮಾತು: "ಜೈನ್ ಉಂಟಾ?" ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಗೆ ಮುಂಬೈ ಕಡೆ ಹಾಗೆ ಕೇಳಿದರೆ ಸಾಕು. ಗಲ್ಲಾಪೆಟ್ಟಿಗೆಯ ಬಳಿಯಿದ್ದ ಹೆಂಗಸು, "ಹೈ ನಾ ಕಾಕಾ, ಅಲಗ್ ಬರ್ತನ್ ಮೇಂ" ಎಂದು ಬೇರೆಯೇ ಇಟ್ಟಿದ್ದ ಪಾತ್ರೆ ತೋರಿಸಿದಳು. ಸಾರು ಬಂತು. ಮಾವ ಒಂದು ಚಮಚ ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಆಮೇಲೆ ಎದ್ದು ಸೀದಾ ಮಹಡಿಗೆ ಹೋದರು. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಬೆನ್ನು ಆನಿಸಿ ನೋಡಿದರು. ಪಕ್ಕಕ್ಕೆ ಸರಿದು, ಇನ್ನೊಂದು ಕಡೆ ಕೂತು ನೋಡಿದರು.

"ಇದೇ ಪಾಲಿಸಿ ಮಾಡು" ಎಂದರು.

"ಮಾವ, ಇದರಲ್ಲಿ ನಾವೂ ಕಟ್ಟಬೇಕು, ಹೇಳಿದೆನಲ್ಲ! ಯಾಕೆ ಇದೇ?"

ಅವರು ಐಸಿಯು ಬಾಗಿಲನ್ನೇ ನೋಡುತ್ತ ಮೆಲ್ಲಗೆ ಹೇಳಿದರು. "ಮಸ್ಕತ್ತಲ್ಲಿ ಸ್ಟೆಂಟ್ ಹಾಕುವಾಗ ನಾನು ಒಳಗೆ, ನಿನ್ನ ಅತ್ತೆ ಹೊರಗೆ. ಅವಳು ಬೆಳ್ಳುಳ್ಳಿ ಮುಟ್ಟುವವಳಲ್ಲ, ಗೊತ್ತುಂಟಲ್ಲ ನಿಂಗೆ. ಅಲ್ಲಿನ ಕ್ಯಾಂಟೀನಲ್ಲಿ ಅವಳಿಗೆ ಆಗುವಂಥದ್ದು ಎಂತದ್ದೂ ಇರ್ಲಿಲ್ಲ. ನಮ್ಮ ಹೋಟೆಲಿಂದ ತರಿಸು ಅಂದ್ರೆ, ಆ ಹುಡುಗರಿಗೆ ಯಾಕೆ ತೊಂದರೆ ಅಂತ ಬಿಟ್ಲು. ಊಟ ಆಯ್ತಾ ಕೇಳಿದ್ರೆ 'ಆಯ್ತು' ಹೇಳ್ತಿದ್ಲು. ನಾನೂ ನಂಬಿದೆ. ಆಮೇಲೆ ನರ್ಸ್ ಬಂದು, ನಿಮ್ಮ ಮಿಸೆಸ್ ಹೊರಗೆ ತಲೆತಿರುಗಿ ಬಿದ್ರು, ಗ್ಲೂಕೋಸ್ ಹಾಕಿದ್ದೇವೆ ಅಂದ್ಲು." ಬೆಂಚಿನ ಅಂಚನ್ನು ಅಂಗೈಯಿಂದ ಒರೆಸಿದರು. "ಊರಿಗೆಲ್ಲ ಬಡಿಸಿದವ ನಾನು. ನನ್ನ ಹೆಂಡತಿ ಹಸಿದು ಬಿದ್ಲು ಮಾರಾಯ. ಒಳಗಿದ್ದವನನ್ನು ನೋಡ್ಲಿಕ್ಕೆ ಡಾಕ್ಟರ್ ಇದ್ದಾರೆ, ನಿನ್ನ ಪಾಲಿಸಿ ಉಂಟು. ಹೊರಗೆ ಕೂತವಳಿಗೆ ಎಂತ ಉಂಟು, ಹೇಳು?"

ಅದು ನಾನು ನೋಡಿದ ಯಾವ ವೀಡಿಯೊದಲ್ಲೂ ಇರಲಿಲ್ಲ. ಅವರ ಪಕ್ಕದಲ್ಲಿ ಆ ಬೆಂಚಿನ ಮೇಲೆಯೇ ಕೂತು, ಬೇಡವೇ ಬೇಡ ಎಂದಿದ್ದ ಪಾಲಿಸಿಯನ್ನು ನನ್ನ ಕೈಯಾರೆ ಮಾಡಿಸಿದೆ. ಮಾವ, ಅತ್ತೆ ಇಬ್ಬರೂ ಈಗ ಮಸ್ಕತ್ತಿನಲ್ಲಿದ್ದಾರೆ. ಆಪರೇಷನ್ ಇನ್ನೂ ಬೇಕಾಗಿಲ್ಲ, ಬೇಡವೇ ಬೇಡ. ಬಂದರೆ ಮಾತ್ರ ಹೊರಗಿನವರ ಊಟಕ್ಕೆ ವ್ಯವಸ್ಥೆ ಆಗಿದೆ.

ನೀವೂ ಎಂದಾದರೂ ಯಾರಿಗಾಗಿಯೋ ಅಂಥ ಬೆಂಚಿನ ಮೇಲೆ ಕೂತಿದ್ದಿರಬೇಕಲ್ಲ? ಆಗ ಏನು ತಿಂದಿರಿ, ಯಾರು ತಂದುಕೊಟ್ಟರು? ಬರೆದು ತಿಳಿಸಿ. ನಿಜ ಬರೆಯಿರಿ ಮತ್ತೆ, ಬರೀ "ಊಟ ಆಯ್ತು" ಅಂದರೆ ಇನ್ನು ನಾನು ನಂಬುವುದಿಲ್ಲ!