ರೋಸ್ವಿತಾ ತೊಳೆದ ಸಮುದ್ರ

"ನೀನು ನಿಶ್ಚಿಂತೆಯಿಂದ ಹೋಗಿ ಬಾ. ವಾಪಸ್ಸು ಬರೋಷ್ಟರಲ್ಲಿ ನಿನ್ನ ಸಮುದ್ರವನ್ನ ಹೇಗೆ ಇಟ್ಟಿರ್ತೀನಿ ನೋಡು. ದೇವರು ಕೂಡ ಸೃಷ್ಟಿ ಮಾಡಿದ ದಿನ ಅಷ್ಟು ಚೊಕ್ಕಟವಾಗಿ ಇಟ್ಟಿರಲಿಕ್ಕಿಲ್ಲ."

ಮೊಣಕಾಲಿನ ಆಪರೇಷನ್ ಮುಗಿಸಿಕೊಂಡು, ಆರೈಕೆಗೆಂದು ಬಿಸಿನೀರ ಬುಗ್ಗೆಯ ಊರಿಗೆ ಹೊರಟಿದ್ದ ಗಂಡ ಎಬರ್‌ಹಾರ್ಟ್‌ಗೆ ರೋಸ್ವಿತಾ ಕೊಟ್ಟ ಭರವಸೆ ಇದು. ಸಮುದ್ರ ಎಂದರೆ ನಡುಕೋಣೆಯ ಮೂಲೆಯಲ್ಲಿದ್ದ ಒಂದು ಗಾಜಿನ ತೊಟ್ಟಿ. ಉಪ್ಪುನೀರಿನೊಳಗೆ ಕಿತ್ತಳೆ ಬಣ್ಣದ ಎರಡು ಮೀನು, ಒಂದಷ್ಟು ಬಸವನಹುಳು, ನಡುವಿನ ಕಲ್ಲಿನ ಮೇಲೆ ಒಂದು ಜೀವಂತ ಹವಳ. ಉಗುರಿನಷ್ಟಿದ್ದಾಗ ತಂದು ಅಂಗೈಯಷ್ಟು ಬೆಳೆಸಿದ್ದ ಹವಳ ಅದು. ಹಗಲೆಲ್ಲ ಎಳೆ ಬೆರಳುಗಳನ್ನು ಬಿಚ್ಚಿ ಆಡಿಸುತ್ತಿತ್ತು. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ ಎಬರ್‌ಹಾರ್ಟ್ ಕೊನೆಗೆ ತಿರುಗಿ ನೋಡಿದ್ದು ಹೆಂಡತಿಯನ್ನಲ್ಲ, ಅದನ್ನೇ.

"ಏನಾದ್ರೂ ಅನುಮಾನ ಬಂದ್ರೆ ಎದುರುಮನೆ ಬೋಯ್ಸೆನ್‌ನ ಕೇಳು. ಅವನ ಹತ್ರನೂ ಇಂಥದ್ದೇ ತೊಟ್ಟಿ ಇದೆ."

"ಆ ಮನುಷ್ಯನನ್ನಾ? ಅದಕ್ಕಿಂತ ಮೀನನ್ನೇ ಕೇಳ್ತೀನಿ."

ಸಿಟ್ಟಿಗೆ ಕಾರಣವಿತ್ತು. ಎಸ್‌ಲಿಂಗನ್ ಊರಿನ ಆ ಕಟ್ಟಡದಲ್ಲಿ ಮೆಟ್ಟಿಲು ಗುಡಿಸಿ ಒರೆಸುವುದು ವಾರಕ್ಕೊಂದು ಮನೆಯ ಸರದಿ. ಸರದಿಯ ಹಲಗೆ ಯಾರ ಬಾಗಿಲಿಗೆ ತೂಗುತ್ತದೋ ಆ ವಾರ ಅವರ ಮಾನವೂ ಅದರ ಜೊತೆಗೇ ತೂಗುತ್ತದೆ. ಚೊಕ್ಕಟಕ್ಕೆ ಹೆಸರಾದ ದಕ್ಷಿಣದ ಶ್ವಾಬಿಯಾ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬೋಯ್ಸೆನ್ ಉತ್ತರದ ಕಡಲ ಕಡೆಯವನು. ಮೆಟ್ಟಿಲ ನಡುವನ್ನಷ್ಟೇ ಒರೆಸಿ ಮೂಲೆಗಳನ್ನು ದೇವರಿಗೆ ಬಿಟ್ಟುಬಿಡುತ್ತಿದ್ದ. ರೋಸ್ವಿತಾ ಕಂಬಿಯ ಕೆಳಗೆ ಬೆರಳಾಡಿಸಿ, ಧೂಳು ಹತ್ತಿದ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದದ್ದೂ ಉಂಟು.

ಗಂಡ ಅತ್ತ ಹೋದದ್ದೇ ತಡ, ಇತ್ತ ದಂಡಯಾತ್ರೆ ಆರಂಭವಾಯಿತು. ಫಿಲ್ಟರಿನ ಹತ್ತಿಯನ್ನು ಹಲ್ಲುಜ್ಜುವಷ್ಟು ನೇಮದಿಂದ ದಿನಾ ಬೆಳಿಗ್ಗೆ ಬದಲಿಸಿದಳು. ನೊರೆ ಎಬ್ಬಿಸಿ ಕೊಳೆ ಹೊರಹಾಕುವ ಯಂತ್ರದ ತಿರುಪನ್ನು ಇನ್ನು ತಿರುಗಲಾರದಷ್ಟು ತಿರುಗಿಸಿದಳು. ಫಾಸ್ಫೇಟ್ ಹೀರುವ ಹರಳುಗಳನ್ನು ಒಂದು ಚಮಚದ ಬದಲು ಚೀಲದ ತುಂಬ ತುಂಬಿದಳು. ಇನ್ನು ಮೀನಿನ ಊಟ. ತಿಂದರೆ ತಾನೇ ಹೊಲಸು ಮಾಡುವುದು? ಚಿಟಿಕೆ ಹೋಗಿ ಅರೆಚಿಟಿಕೆಯಾಯಿತು. ಗಂಡ ಹೇಳಿಕೊಟ್ಟಂತೆ ಕೊಳೆ ಅಳೆಯುವ ಪರೀಕ್ಷೆಯ ಸೀಸೆಗೆ ನೀರು ತುಂಬಿ ಹನಿ ಬಿಟ್ಟು ನೋಡಿದಳು. ಬಣ್ಣವೇ ಏರಲಿಲ್ಲ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಇಂಥ ಸೊನ್ನೆಯನ್ನು ಎಬರ್‌ಹಾರ್ಟ್ ಜನ್ಮದಲ್ಲಿ ಕಂಡಿರಲಿಲ್ಲ!

ನೀರು ತಿಳಿಯಾಗುತ್ತ ಆಗುತ್ತ ನೀರೇ ಇಲ್ಲದಂತಾಯಿತು. ಮೀನುಗಳು ಗಾಳಿಯಲ್ಲಿ ತೂಗುಹಾಕಿದಂತೆ ಕಂಡವು. ಯಾಕೋ ಮನೆಯೊಳಗೂ ಸದ್ದು ಕಡಿಮೆಯಾದಂತೆ ಅವಳಿಗೆ ಅನಿಸಿತು.

ಆಮೇಲೆ ಅದು ಬಂತು.

ಒಂದು ಮಧ್ಯಾಹ್ನ ಬಿಳಿ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಹಾಸಿಕೊಂಡಿತ್ತು. ಅದರಿಂದ ಕೂದಲಿನಂಥ ಎಳೆಗಳು ಮೇಲೆದ್ದು ತೂಗಾಡುತ್ತಿದ್ದವು. ಪ್ರತಿ ಎಳೆಯ ತುದಿಗೂ ಒಂದು ಗುಳ್ಳೆ. ಮರಳಿನಡಿಯಲ್ಲಿ ಯಾರೋ ಮಲಗಿ ನಿಧಾನವಾಗಿ ಉಸಿರುಬಿಡುತ್ತಿದ್ದ ಹಾಗೆ. ರೋಸ್ವಿತಾ ಕೊಳವೆ ಹಾಕಿ ಎಲ್ಲವನ್ನೂ ಹೀರಿ ತೆಗೆದಳು. ಬೆಳಿಗ್ಗೆ ಮರಳು ಹಾಲಿನಂತಿತ್ತು. ತೊಟ್ಟಿಯ ದೀಪ ಹತ್ತಿ ಸ್ವಲ್ಪ ಹೊತ್ತಾಗುವುದರೊಳಗೆ ಕೂದಲು ಮತ್ತೆ ಹಾಜರು. ಮರುದಿನ ಹಟಕ್ಕೆ ಮುಟ್ಟದೆಯೇ ಬಿಟ್ಟಳು. ಸಂಜೆ ದೀಪ ಆರಿದ ಮೇಲೆ ಅದು ತಾನಾಗಿಯೇ ಕರಗಿಹೋಯಿತು. ದೀಪ ಹತ್ತಿದರೆ ಬರುತ್ತದೆ, ಆರಿದರೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ?

ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕಳಚಿ ಅಂಗಾತ ಬಿದ್ದವು. ಹವಳ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಮೇಣದ ಬಣ್ಣಕ್ಕೆ ತಿರುಗಿತು. ಮೀನುಗಳೆರಡೂ ಮೂಲೆ ಸೇರಿ, ಬಾಯಿಯನ್ನು ಗಾಜಿಗೆ ಒತ್ತಿ, ಅವಳನ್ನೇ ನೋಡುತ್ತ ನಿಂತವು. ಅವಳು ಅಡುಗೆಮನೆಗೆ ಹೋದರೆ ಆ ನಾಲ್ಕು ಕಣ್ಣೂ ಅಡುಗೆಮನೆಗೆ ತಿರುಗುತ್ತಿದ್ದವು. ಅವಳು ಊಟಕ್ಕೆ ಕೂತರಂತೂ ರೆಪ್ಪೆಯಿಲ್ಲದ ಆ ನೋಟ ನೇರ ತಟ್ಟೆಗೇ ಬೀಳುತ್ತಿತ್ತು. ಅವಳು ತಟ್ಟೆಯನ್ನು ಹಾಸಿಗೆಯ ಕೋಣೆಗೆ ಒಯ್ದು ಉಣ್ಣತೊಡಗಿದಳು. ಗಂಡ ಫೋನು ಮಾಡಿದಾಗಲೆಲ್ಲ ಮಾತ್ರ, ನೀರು ಕನ್ನಡಿಯ ಹಾಗಿದೆ ಎಂದೇ ಹೇಳುತ್ತಿದ್ದಳು.

ಕೊಳವೆಯಲ್ಲಿ ಹೀರಿದ ಉಪ್ಪುನೀರನ್ನು ಚೆಲ್ಲುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಕಾಫಿ ಸೋಸುವ ಕಾಗದ ಇಟ್ಟು ಗಾಜಿನ ಜಾಡಿಗೆ ಸೋಸಿದಳು. ಲೋಳೆಯೆಲ್ಲ ಕಾಗದದಲ್ಲಿ ನಿಂತು, ನೀರು ಸ್ಫಟಿಕದಂತೆ ಇಳಿಯಿತು. ಮತ್ತೆ ತೊಟ್ಟಿಗೇ ಸುರಿದರಾಯಿತೆಂದು ಜಾಡಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಕಾಫಿಯ ಜೊತೆ ಬೆಣ್ಣೆ ಸವರಿದ ಬ್ರೆಡ್ ತಿಂದು ಬಂದಳು.

ತಿಳಿನೀರಿನ ನಡುವೆ ಒಂದು ಎಳೆ ನಿಂತಿತ್ತು. ಅವಳು ನೋಡುತ್ತಿದ್ದಂತೆ ಇನ್ನೊಂದು ಎಳೆ ಎಲ್ಲಿಂದಲೋ ಬಂದು ಅದನ್ನು ಹಿಡಿದುಕೊಂಡಿತು. ಮತ್ತೊಂದು. ಸೋಸಿ ಎಸೆದದ್ದು ತನ್ನನ್ನು ತಾನೇ ಹೆಣೆದುಕೊಂಡು ಎದ್ದು ನಿಲ್ಲುತ್ತಿತ್ತು.

ರೋಸ್ವಿತಾ ಜಾಡಿಯ ಮೇಲೆ ಟವೆಲ್ ಮುಚ್ಚಿ, ಬೆನ್ನನ್ನು ಗೋಡೆಗೆ ಹಚ್ಚಿಕೊಂಡೇ ಫೋನಿನ ತನಕ ನಡೆದಳು.

"ಎಬರ್‌ಹಾರ್ಟ್, ನಿನ್ನ ತೊಟ್ಟಿಯೊಳಗೆ ಏನೋ ಸೇರಿಕೊಂಡಿದೆ. ತೊಳೆದಷ್ಟೂ ಬರ್ತಿದೆ. ಸೋಸಿದ್ರೂ ಬರ್ತಿದೆ. ಹವಳ ಹೆಣದ ಥರ ಆಗಿದೆ."

ಅತ್ತ ಕಡೆಯವನು ಮೊದಲು ಕೇಳಿದ್ದು ಪರೀಕ್ಷೆಯ ಅಂಕಿಗಳನ್ನು.

"ಸೊನ್ನೆ," ಎಂದಳು ರೋಸ್ವಿತಾ. ಅಂಥ ಹೆದರಿಕೆಯಲ್ಲೂ ದನಿಯಲ್ಲಿ ಚೂರು ಹೆಮ್ಮೆ ಉಳಿದಿತ್ತು. "ಎರಡೂ ಸೊನ್ನೆ."

ಅವನು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಎಬರ್‌ಹಾರ್ಟ್ ಮೆತ್ತಗೆ ಹೇಳಿದ. "ಅದು ದೆವ್ವ ಅಲ್ಲ, ಪಾಚಿಯಂಥ ಜೀವ. ಕಣ್ಣಿಗೆ ಕಾಣದಷ್ಟು ಸಣ್ಣದು, ಸೋಸಿದ್ರೂ ನುಸುಳುತ್ತೆ, ಬೆಳಕು ಬಿದ್ರೆ ಮತ್ತೆ ಕೂಡಿಕೊಳ್ಳುತ್ತೆ. ತಿನ್ನೋಕೆ ಏನೂ ಇಲ್ಲದ ನೀರಲ್ಲಿ ಬೇರೆಯವರೆಲ್ಲ ಸಾಯ್ತಾರೆ, ಅದೊಂದು ಕೊಬ್ಬುತ್ತೆ. ಹವಳ ಉಣ್ಣೋದೇ ಒಂದಿಷ್ಟು ಕೊಳೆಯನ್ನ, ಮಾರಾಯ್ತಿ. ನೀನು ತೊಳೆದೂ ತೊಳೆದೂ ಅದನ್ನ ಉಪವಾಸ ಕೆಡವಿದೀಯ."

ನೊರೆಯಂತ್ರ ತಗ್ಗಿಸಬೇಕು, ಹರಳಿನ ಚೀಲ ತೆಗೆಯಬೇಕು, ಮೀನಿಗೆ ಹೊಟ್ಟೆ ತುಂಬ ಹಾಕಬೇಕು. ಆದರೆ ಅಷ್ಟೇ ಸಾಲದು. ಆ ಲೋಳೆಯ ಜೊತೆ ಗುದ್ದಾಡಬಲ್ಲ ಸೂಕ್ಷ್ಮಜೀವಿಗಳು ಹಳೆಯ ಕೊಳೆಯಲ್ಲೇ ಇರುವುದು. ಅದನ್ನು ಬೋಯ್ಸೆನ್‌ನ ತೊಟ್ಟಿಯಿಂದ ಇವತ್ತೇ ತರಬೇಕು, ತಡ ಮಾಡಿದರೆ ಹವಳ ಉಳಿಯುವುದಿಲ್ಲ ಎಂದು ಅವನು ಹೇಳಿ ಫೋನಿಟ್ಟ.

ರೋಸ್ವಿತಾ ಬಕೆಟ್ ಹಿಡಿದು ಎದುರು ಬಾಗಿಲಿನ ಗಂಟೆ ಒತ್ತಿದಳು. ಬಾಗಿಲು ಒಂದು ಮುಖದಷ್ಟು ತೆರೆಯಿತು.

"ಮೂಲೆಗಳನ್ನೂ ಒರೆಸಿದೀನಿ," ಎಂದ ಬೋಯ್ಸೆನ್, ಅವಳು ಬಾಯಿ ತೆರೆಯುವ ಮೊದಲೇ. "ಕಂಬಿಯ ಕೆಳಗೂ."

"ಅದಕ್ಕಲ್ಲ ಬಂದಿದ್ದು." ಅವಳು ಬಕೆಟನ್ನು ಮುಂದೆ ಚಾಚಿದಳು. "ನಿಮ್ಮ ತೊಟ್ಟಿಯ ಕೊಳೆ ಸ್ವಲ್ಪ ಬೇಕಿತ್ತು."

ಬೋಯ್ಸೆನ್‌ನ ಮುಖ ಬಿಳಿಚಿಕೊಂಡಿತು. "ಇವತ್ತು ಬೆಳಿಗ್ಗೆ ಎಲ್ಲಾ ತೊಳೆದುಬಿಟ್ನಲ್ಲ. ಮೆಟ್ಟಿಲಾಯ್ತು, ಇನ್ನು ಒಳಗೂ ಬಂದು ಬೆರಳಾಡಿಸ್ತೀರೇನೋ ಅಂತ ಹೆದರಿಕೆ ಆಗಿತ್ತು."

ರೋಸ್ವಿತಾ ಖಾಲಿ ಬಕೆಟಿನೊಳಗೆ ನೋಡಿದಳು. ಇಡೀ ಕಟ್ಟಡದಲ್ಲಿ ಕೊಳೆಗೆಂದು ನಂಬಬಹುದಾಗಿದ್ದ ಏಕೈಕ ಮನುಷ್ಯ. ಅವನನ್ನೂ ತಾನೇ ಕೈಯಾರೆ ತಿದ್ದಿ ಹಾಳುಮಾಡಿದ್ದಳು! ಬಕೆಟ್ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತಳು. ಅತ್ತಳೆಂದೇ ಹೇಳಬೇಕು.

ಬೋಯ್ಸೆನ್ ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಬೈಬಾರದು. ಫಿಲ್ಟರಿನ ಒಂದು ಸ್ಪಂಜು ತೊಳೆದಿಲ್ಲ. ನಿಮ್ಮ ಹೆಜ್ಜೆ ಸದ್ದು ಕೇಳಿ, ಬಾಗಿಲ ಹಿಂದೆ ಬೋಗುಣಿಯಲ್ಲಿ ಬಚ್ಚಿಟ್ಟೆ."

ಕಂದು ನೀರು ಸುರಿಯುತ್ತಿದ್ದ ಆ ಸ್ಪಂಜನ್ನು ರೋಸ್ವಿತಾ ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಒಯ್ದು, ಹಿಂಡಿದಳು. ತೊಟ್ಟಿಯೆಲ್ಲ ರಾಡಿಯಾಯಿತು. ಮೀನುಗಳು ಮೂಲೆ ಬಿಟ್ಟು ಆ ರಾಡಿಯೊಳಗೆ ಹಬ್ಬದೂಟಕ್ಕೆ ಹೋದಂತೆ ನುಗ್ಗಿದವು.

ಕಂದು ಕೂದಲು ಒಮ್ಮೆಲೇ ಸೋಲಲಿಲ್ಲ. ಬಂತು, ಹೋಯಿತು, ತೆಳುವಾಯಿತು. ಕೊನೆಗೆ ಬರುವುದನ್ನೇ ಮರೆಯಿತು. ಅದರ ಜಾಗದಲ್ಲಿ ಗಾಜಿಗೆ ಹಸಿರು ಪಾಚಿ ಕಟ್ಟಿತು. ರೋಸ್ವಿತಾ ಕೈಕಟ್ಟಿ ಕೂತು ಅದನ್ನು ಸಹಿಸಿದಳು. ಕೈ ಬಿಚ್ಚಿದರೆ ಅದು ತಾನಾಗಿ ಬಟ್ಟೆ ಹುಡುಕುತ್ತಿತ್ತು. ಒಂದು ಬೆಳಿಗ್ಗೆ ಆ ಹಸಿರಿನ ಆಚೆ ಹವಳ ಒಂದು ಬೆರಳನ್ನು ಹೊರಗೆ ಚಾಚಿತು. ಅನುಮಾನಿಸುತ್ತ, ಇನ್ನೊಂದನ್ನು.

ಅಷ್ಟರಲ್ಲಿ ಫೋನು ಬಂತು. ನೀರು ಹೇಗಿದೆ ಎಂದು ಎಬರ್‌ಹಾರ್ಟ್ ಅಂಜುತ್ತಲೇ ಕೇಳಿದ.

"ಚೆನ್ನಾಗಿ ಕೊಳೆಯಾಗಿದೆ," ಎಂದಳು ರೋಸ್ವಿತಾ. "ಬೋಯ್ಸೆನ್ ಅವರಷ್ಟು ಕೈ ಪಳಗಿಲ್ಲ ಅನ್ನು. ಕಲೀತಾ ಇದ್ದೀನಿ."