ಅಪ್ಪಣೆಯಿಲ್ಲದೆ ಓಡುವ ನನ್ನ ಹೃದಯದ ಗಮನಕ್ಕೆ

ಎದೆಗೂಡಿನೊಳಗೆ ತುಸು ಎಡಕ್ಕೆ ಸ್ಥಿರ ವಾಸ್ತವ್ಯವುಳ್ಳ, ನಾನು ಹುಟ್ಟುವ ಮೊದಲೇ ಸೇವೆಗೆ ಸೇರಿ ಈವರೆಗೆ ಒಂದು ದಿನದ ಸಾಂದರ್ಭಿಕ ರಜೆಯನ್ನೂ ಕೇಳದ ಹೃದಯ ಮಹಾಶಯರಿಗೆ, ಬೆಳ್ಳೂರಿನ ನಿವೃತ್ತ ಮುಖ್ಯೋಪಾಧ್ಯಾಯಿನಿ ವಾರಿಜಾಕ್ಷಿಯ ಸವಿನಯ ವಂದನೆಗಳು.

ಮಾನ್ಯರೇ,

ತಾವು ಸುಕ್ಷೇಮವಾಗಿರುವಿರೆಂದು ವೈದ್ಯರು ಈಗಾಗಲೇ ಲಿಖಿತವಾಗಿ ತಿಳಿಸಿರುವುದರಿಂದ ತಮ್ಮ ಕುಶಲವನ್ನು ವಿಚಾರಿಸಿ ಕಾಲಹರಣ ಮಾಡುವುದಿಲ್ಲ. ಖಾಸಗಿಯಾಗಿ ಹೇಳಬೇಕಾದುದನ್ನು ಎದೆಯ ಮೇಲೆ ಕೈಯಿಟ್ಟು ಹಲವು ಸಲ ಹೇಳಿದ್ದೇನೆ, ಗದರಿದ್ದೇನೆ, ಒಮ್ಮೆ ಅಂಗಲಾಚಿಯೂ ಇದ್ದೇನೆ. ಯಾವುದಕ್ಕೂ ತಮ್ಮಿಂದ ಹೆಚ್ಚುವರಿ ಬಡಿತದ ಹೊರತು ಬೇರೆ ಪ್ರತ್ಯುತ್ತರ ಬಾರದಿದ್ದ ಕಾರಣ ಈ ಬಹಿರಂಗ ಪತ್ರದ ಮಾರ್ಗವನ್ನು ಹಿಡಿಯಬೇಕಾಯಿತು. ತರಗತಿಯಲ್ಲಿ ಒಬ್ಬನನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದು ನನ್ನ ಪದ್ಧತಿಯಲ್ಲವೆಂಬುದನ್ನು ತಾವು ಬಲ್ಲಿರಿ; ಆ ತರಗತಿಗಳಲ್ಲೆಲ್ಲ ನನ್ನ ಜೊತೆಗೇ ಇದ್ದವರು ತಾವು.

ತಮ್ಮ ಈ ನಡವಳಿಕೆ ಆರಂಭವಾದದ್ದು ಪೆರ್ಲದ ಮಹಿಳಾ ತಾಳಮದ್ದಳೆ ಸಂಘದ ಭಾಗವತರಾದ ಶ್ರೀರಂಜಿನಿಯವರು ನಮ್ಮ ಮನೆಗೆ ಬಂದು, ಮುಂದಿನ ಕೂಟದಲ್ಲಿ ಅರ್ಥ ಹೇಳಬೇಕೆಂದು ನನ್ನನ್ನು ಕೇಳಿಕೊಂಡ ದಿನ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡಿದ ಮೇಲೆ ಪಾತ್ರಧಾರಿಗಳು ಕುಳಿತಲ್ಲೇ ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಬಿಡಿಸುತ್ತ, ಎದುರಾಳಿಯೊಡನೆ ವಾದಕ್ಕಿಳಿಯುವ ಈ ಕಲೆಯನ್ನು ನಾನು ಬಾಲ್ಯದಿಂದ ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವಳು, ಅರ್ಥಧಾರಿಗಳ ತಪ್ಪುಗಳನ್ನು ಮನಸ್ಸಿನಲ್ಲೇ ತಿದ್ದಿದವಳು. "ನಿಮ್ಮ ಕನ್ನಡದ ಎದುರು ಕೂತುಕೊಳ್ಳುವವರು ಈ ಕಡೆ ಯಾರುಂಟು ಟೀಚರ್?" ಎಂದು ಶ್ರೀರಂಜಿನಿಯವರು ಹೇಳಿದಾಗ ಆ ಮಾತಿನಲ್ಲಿ ಅತಿಶಯೋಕ್ತಿಯೇನೂ ನನಗೆ ಕಾಣದಿದ್ದುದರಿಂದ ಒಡನೆ ಒಪ್ಪಿದೆ. ಅವರು ಅಂಗಳ ದಾಟುವುದನ್ನೂ ಕಾಯದೆ ತಾವು ಓಟ ಕಿತ್ತಿರಿ. ನಾನು ಒಗೆದ ಸೀರೆಯ ಒಂದು ತುದಿಯನ್ನು ಹಿಡಿದು ನಿಂತಿದ್ದೆ. ಇನ್ನೊಂದು ತುದಿಯನ್ನು ಯಾರೋ ಹಿಡಿದು ಜಗ್ಗುತ್ತಿರುವರೋ ಎಂಬಂತೆ ಅದು ನಡುಗುತ್ತಿತ್ತು.

ಅಂದಿನಿಂದ ತಾವು ತೋರಿದ ಕಾರ್ಯೋತ್ಸಾಹವನ್ನು ಎಷ್ಟು ಶ್ಲಾಘಿಸಿದರೂ ಕಡಿಮೆಯೇ. ಗುರುತಿಲ್ಲದ ಸಂಖ್ಯೆಯಿಂದ ಫೋನು ಬಂದರೆ ಓಟ, ಬಂದ ಫೋನು ನಿಂತರೆ ಓಟ, ಮುಳ್ಳೇರಿಯಾದ ಬಸ್ಸು ತಡವಾದರೆ ಓಟ, ಸಮಯಕ್ಕೆ ಸರಿಯಾಗಿ ಬಂದರೆ ಆ ಅನಿರೀಕ್ಷಿತಕ್ಕಾಗಿ ಇನ್ನೂ ದೊಡ್ಡ ಓಟ. ಪಿಂಚಣಿಗಾಗಿ ನಾನು ಬದುಕಿರುವೆನೆಂದು ಸರಕಾರಕ್ಕೆ ತೋರಿಸಿಕೊಡಲು ಅಕ್ಷಯ ಕೇಂದ್ರದಲ್ಲಿ ಬೆರಳೊತ್ತಲು ಹೋದಾಗಲಂತೂ, ಸರಕಾರ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚಿನ ಸಾಕ್ಷ್ಯವನ್ನು ತಾವು ಒದಗಿಸಿದಿರಿ. ಇಂಥ ಶ್ರದ್ಧೆಯನ್ನು ಇಲಾಖೆಗಳಲ್ಲಿ ಹುಡುಕಿದರೂ ಸಿಗದು.

ತಮ್ಮ ಮೇಲೆ ನಿಗಾ ಇಡುವ ಸಲುವಾಗಿ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡೇ ಇರುವ ಅಭ್ಯಾಸ ನನಗೆ ಅಂಟಿತು. ಮದುವೆಯೂಟದ ಪಂಕ್ತಿಯಲ್ಲಿ ಎಡಗೈಯ ನಾಡಿಯನ್ನು ಬಲಗೈಯಲ್ಲಿ ಹಿಡಿದು ಕುಳಿತವಳಿಗೆ ಸಾರು ಬಡಿಸುವವರು ಎರಡು ಸಲ ದಾಟಿಹೋದರು. ಸುದ್ದಿ ಮನೆಗೆ ನನಗಿಂತ ಮೊದಲೇ ತಲುಪಿತ್ತು. ನೆರೆಯ ಅಮ್ಮಣ್ಣಿ ಬೇಲಿಯಾಚೆಯಿಂದಲೇ, "ಅಕ್ಕಾ, ನಿಮಗೆ ಹಾರ್ಟ್ ಉಂಟಂತೆ, ಹೌದಾ? ಒಂದು ಮಾತು ಹೇಳ್ಲೇ ಇಲ್ಲ ನೀವು!" ಎಂದು ನೊಂದುಕೊಂಡಳು. "ಉಂಟು. ನಿನಗೆ ಇಲ್ಲವಾ?" ಎಂದೆ. ಆಕೆ ಅದನ್ನು ಕಾಯಿಲೆಯ ಲಕ್ಷಣವೆಂದು ಭಾವಿಸಿ, ಮರುದಿನ ಕಿತ್ತಳೆಹಣ್ಣು ತಂದು, ಮಂಗಳೂರಿನಲ್ಲಿ ಯಾವ ಯಾವ ಆಸ್ಪತ್ರೆಗೆ ಹೋದವರು ಹೇಗೆ ಹೇಗೆ ಹಿಂದಿರುಗಲಿಲ್ಲವೆಂಬುದನ್ನು ಸಮಾಧಾನದ ಧ್ವನಿಯಲ್ಲಿ ವಿವರಿಸಿದಳು. ಆ ವಿವರಣೆಯುದ್ದಕ್ಕೂ ತಾವು ಎಷ್ಟು ತಲ್ಲೀನರಾಗಿ ಆಲಿಸಿದಿರೆಂಬುದನ್ನು ನಾನು ಕಿವಿಯಲ್ಲೇ ಕೇಳಿಸಿಕೊಂಡೆ.

ಕೊನೆಗೆ ಎಳೆಯ ವೈದ್ಯೆ ಡಾ. ಸೌಮ್ಯಶ್ರೀಯವರ ಬಳಿಗೆ ತಮ್ಮನ್ನು ಕರೆದೊಯ್ದೆ. ತಂತಿಗಳನ್ನು ಅಂಟಿಸಿ ತಮ್ಮ ಕೈಬರಹವನ್ನು ಕಾಗದದ ಮೇಲೆ ಬರೆಯಿಸಿಕೊಂಡರು. ರಕ್ತ ಪರೀಕ್ಷಿಸಿದರು, ಥೈರಾಯ್ಡನ್ನೂ ವಿಚಾರಿಸಿದರು. ಎಲ್ಲದರಲ್ಲೂ ತಾವು ತೇರ್ಗಡೆಯಾದಿರಿ. "ಟೀಚರ್, ಹೃದಯಕ್ಕೆ ಎಂತದೂ ಆಗಲಿಲ್ಲ. ಅದು ಹೆದರಿಕೆಗೆ ಓಡುವುದು. ನಿಮಗೆ ಎಂತದರ ಹೆದರಿಕೆ ಉಂಟು?" ಎಂದು ಆ ಹುಡುಗಿ ನನ್ನನ್ನೇ ಕೇಳಿದರು. ಊರಿನ ಅರ್ಧದಷ್ಟು ಜನ ಇಂದಿಗೂ ನನ್ನನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಾರೆ, ಅಂಥವಳಿಗೆ ಹೆದರಿಕೆಯೇ? ನನಗೆ ಯಾವುದರ ಹೆದರಿಕೆಯೂ ಇಲ್ಲವೆಂದು ಸ್ಪಷ್ಟವಾದ ಕನ್ನಡದಲ್ಲಿ ಉತ್ತರಿಸಿದೆ. ಆ ಹೊತ್ತಿಗೆ ಸ್ಟೆತಸ್ಕೋಪು ತಮ್ಮ ಮೇಲೆಯೇ ಇತ್ತು. ಸ್ವಂತ ಯಜಮಾನಿಯ ಹೇಳಿಕೆಯನ್ನು ವೈದ್ಯರ ಕಿವಿಯಲ್ಲಿ ತಾವು ಅಕ್ಷರಶಃ ಅಲ್ಲಗಳೆದಿರಿ. ವೈದ್ಯರು ಸಭ್ಯರು, ಮುಗುಳ್ನಗಲಿಲ್ಲ, ಚೀಟಿಯಲ್ಲಿ ಏನನ್ನೋ ಬರೆದರು.

ಅವರ ಸೂಚನೆಗಳನ್ನು ನಾನು ಪಾಲಿಸಿದ್ದೇನೆ ಎಂಬುದನ್ನು ದಾಖಲೆಗಾಗಿ ತಿಳಿಸುತ್ತೇನೆ. ಎದೆನೋವೋ, ತಲೆಸುತ್ತಿ ಬೀಳುವಂತಾಗುವುದೋ, ಉಸಿರು ಕಟ್ಟುವುದೋ ಕಂಡರೆ ತಡಮಾಡದೆ ಬರಬೇಕು. ಅದಿಲ್ಲವಾದರೆ ಓಟಕ್ಕೆ ಗಾಬರಿಯಾಗುವ ಅಗತ್ಯವಿಲ್ಲ ಎಂದರು. ಕಡುಕಾಫಿಯನ್ನು ಬಿಟ್ಟೆ, ಅಥವಾ ಅದರ ನೆನಪನ್ನು ಹೋಲುವ ಏನನ್ನೋ ಕುಡಿಯತೊಡಗಿದೆ. ನಾಡಿ ಮುಟ್ಟುವುದನ್ನು ನಿಲ್ಲಿಸಿದೆ. ಉಸಿರನ್ನು ಮೆಲ್ಲಗೆ ಒಳಗೆಳೆದು ಅದಕ್ಕಿಂತಲೂ ಮೆಲ್ಲಗೆ ಹೊರಬಿಡುವ ಅಭ್ಯಾಸವನ್ನು ಬೆಳಗಿನ ಹೊತ್ತು ಜಗಲಿಯಲ್ಲಿ ಕುಳಿತು ಮಾಡುತ್ತಿದ್ದಾಗ, ಅಮ್ಮಣ್ಣಿ ನನಗೆ ಮೋಕ್ಷ ಸಮೀಪಿಸಿತೆಂದು ಬಗೆದು ಸದ್ದಿಲ್ಲದೆ ಹಿಂದಿರುಗಿದ್ದೂ ಉಂಟು. ಆದರೆ ವೈದ್ಯರ ಮುಖ್ಯ ಸೂಚನೆಯೇ ಬೇರೆ: "ತಾಳಮದ್ದಳೆಗೆ ಹೋಗದೆ ಮಾತ್ರ ಇರಬೇಡಿ ಟೀಚರ್. ಈಗ ತಪ್ಪಿಸಿದರೆ ಮತ್ತೆ ಅದು ಎಲ್ಲದಕ್ಕೂ ಓಡ್ಲಿಕ್ಕೆ ಕಲಿಯುತ್ತದೆ." ಹೀಗಾಗಿ, ಬಾರದ ಜ್ವರವನ್ನು ತರಿಸಿಕೊಳ್ಳುವ ನನ್ನ ಯೋಜನೆ ಅಲ್ಲಿಗೇ ಮುರಿದುಬಿತ್ತು.

ತಮ್ಮ ನೆಮ್ಮದಿಗಾಗಿಯೇ ನಾನು ಸಿದ್ಧತೆ ಮಾಡಿಕೊಂಡೆ. ಶಾಲಾ ಕಲೋತ್ಸವಕ್ಕೆ ಮಕ್ಕಳನ್ನು ಹೇಗೆ ತಯಾರು ಮಾಡುತ್ತಿದ್ದೆನೋ ಹಾಗೆಯೇ ನನ್ನ ಅರ್ಥವನ್ನು ಆದಿಯಿಂದ ಅಂತ್ಯದವರೆಗೆ ಬರೆದು, ತಿದ್ದಿ, ಅಲ್ಪಪ್ರಾಣ ಮಹಾಪ್ರಾಣಗಳ ಸಮೇತ ಬಾಯಿಪಾಠ ಮಾಡಿದೆ. ಶ್ರೀರಂಜಿನಿಯವರೇ ಕಟ್ಟಿದ ಹೊಸ ಪ್ರಸಂಗ ಅದು: ಹರಿಯುವ ತೋಡಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ನೀರಿಗಾಗಿ ಎರಡು ಸೀಮೆಗಳ ದೊರೆಗಳು ಸೇನೆ ಕೂಡಿಸಿರುವಾಗ, ಯುದ್ಧ ತಪ್ಪಿಸಲು ಒಂದು ಸೀಮೆಯ ಮಂತ್ರಿ ಇನ್ನೊಂದರ ದೊರೆಯ ಬಳಿಗೆ ಹೋಗುತ್ತಾನೆ. ಮಂತ್ರಿ ನಾನು. ದೊರೆ, ನನ್ನ ಶಾಲೆಯಲ್ಲೇ ಗಣಿತ ಕಲಿಸಿ ನಿವೃತ್ತಳಾದ ಗೆಳತಿ ಡೈಸಿ. ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ ಕೊಂಕಣಿ, ತಾಳಮದ್ದಳೆಯಲ್ಲಿ ಮಾತ್ರ ನಿರರ್ಗಳ ಕನ್ನಡ; ಸಂಘ ಹುಟ್ಟಿದಂದಿನಿಂದ ಆಕೆಯೇ ಅಲ್ಲಿಯ ಖಾಯಂ ಅಹಂಕಾರಿ ದೊರೆ. (ಶುದ್ಧರೂಪ 'ಕಾಯಂ' ಎಂದು ಬಲ್ಲೆ, ಸಂಘದ ಕರಪತ್ರದಲ್ಲಿ ಇರುವಂತೆಯೇ ಬರೆದಿದ್ದೇನೆ.) ನನ್ನ ಸಿದ್ಧತೆಯನ್ನು ಕೇಳಿ ಆಕೆ ಬಸ್ಸಿನಲ್ಲೇ ಹಣೆ ಬಡಿದುಕೊಂಡಳು. "ಬಾಯಿಪಾಠ ಮಾಡಿದ್ದಾ? ದೇವರೇ! ನಾನು ನಡುವೆ ಅಡ್ಡ ಕೇಳಿದರೆ ನೀ ಎಂತ ಮಾಡ್ತಿ ಮಾರಾಯ್ತಿ? ಪುನಃ ಮೊದಲಿನಿಂದ ಶುರು ಮಾಡ್ತಿಯಾ?"

ಸಭ್ಯರು ಅಡ್ಡ ಕೇಳುವುದಿಲ್ಲವೆಂದು ನಾನು ಉತ್ತರಿಸಿದೆ. ಸಾವಿರ ಕೂಟಗಳನ್ನು ಕೇಳಿದವಳಿಗೆ, ಅಡ್ಡ ಕೇಳುವುದೇ ತಾಳಮದ್ದಳೆಯ ಜೀವವೆಂಬುದು ಆ ಗಳಿಗೆಯಲ್ಲಿ ಹೇಗೆ ಮರೆಯಿತೆಂದು ತಾವು ಕೇಳಬಹುದು. ತಮ್ಮ ಗದ್ದಲದಲ್ಲಿ ಯಾವುದು ತಾನೇ ನೆನಪಿದ್ದೀತು?

ಆ ಭಾನುವಾರದ ಅಪರಾಹ್ನ, ಪೆರ್ಲದ ಗ್ರಂಥಾಲಯದ ಸಭಾಂಗಣದಲ್ಲಿ ನಡೆದುದಕ್ಕೆ ತಾವೇ ಪ್ರತ್ಯಕ್ಷದರ್ಶಿಗಳು. ನನ್ನ ಮೊದಲ ವಾಕ್ಯಗಳು ಇಸ್ತ್ರಿ ಹಾಕಿದಂತೆ ಹೊರಬಿದ್ದವು. ಮದ್ದಳೆ ಒಂದು ತಾಳದಲ್ಲಿಯೂ ತಾವು ಇನ್ನೊಂದರಲ್ಲಿಯೂ ಇದ್ದಿರಾದರೂ ನಾನು ಇಬ್ಬರನ್ನೂ ಲೆಕ್ಕಿಸದೆ ಮುಂದುವರಿಯುತ್ತಿದ್ದೆ. ಆಗ ಡೈಸಿ ಸೆರಗು ಹೊದ್ದು ಮುಂದಕ್ಕೆ ಬಾಗಿ ಕೇಳಿದಳು: "ನಿಲ್ಲು ಮಂತ್ರಿ! ಶಾಂತಿ ಶಾಂತಿ ಎಂದು ಇಷ್ಟು ಹೊತ್ತು ಹೇಳಿದೆಯಲ್ಲ, ಇದು ನಿನ್ನ ನೀತಿಯೋ, ಇಲ್ಲ ಭೀತಿಯೋ?"

ಈ ಪ್ರಶ್ನೆ ನನ್ನ ಬರಹದಲ್ಲಿ ಇರಲಿಲ್ಲ. ಅದಕ್ಕೆ ಉತ್ತರವೂ ಇರಲಿಲ್ಲ. ಮುಂದಿನ ವಾಕ್ಯವನ್ನು ಹುಡುಕಿದೆ, ಹಿಂದಿನದೂ ಮಾಯವಾಗಿತ್ತು. ಮುಂದಿನ ಸಾಲಿನಲ್ಲಿ ನನ್ನ ಶಿಷ್ಯೆಯರು, ಶಿಷ್ಯೆಯರ ಮಕ್ಕಳು, ನನ್ನಿಂದ ಒಂದಲ್ಲ ಒಂದು ದಿನ 'ಕೂತ್ಕೋ, ಓದಿಕೊಂಡು ಬಾ' ಎನ್ನಿಸಿಕೊಂಡವರೆಲ್ಲ ಕುಳಿತಿದ್ದರು. ತಾವು ಗಂಟಲಿನವರೆಗೂ ಏರಿ ಬಂದಿರಿ. ಎದ್ದು ಹೊರಗೆ ಹೋಗಿಬಿಡಲು ಕಾಲುಗಳು ಸಿದ್ಧವಾಗಿದ್ದವು. ಅವು ತಮ್ಮ ಪಕ್ಷ ಸೇರಿದ್ದವು. ನಾನು ಉಸಿರನ್ನು ಒಳಗೆಳೆದೆ. ಮೆಲ್ಲಗೆ, ಬಹಳ ಮೆಲ್ಲಗೆ ಹೊರಬಿಟ್ಟೆ. ತಾವು ನಿಲ್ಲಲಿಲ್ಲ; ಆದರೆ ತಮ್ಮ ಸದ್ದಿನ ನಡುವೆ ನನ್ನ ಧ್ವನಿಗೆ ಒಂದಿಷ್ಟು ಜಾಗ ಸಿಕ್ಕಿತು.

"ಭೀತಿಯೇ ದೊರೆ," ಎಂದೆ. "ನನ್ನ ಎದೆ ಹೊಡೆದುಕೊಳ್ಳುತ್ತಿದೆ, ಸಿಂಹಾಸನಕ್ಕೆ ಕೇಳಿಸದಿದ್ದರೆ ಇಳಿದು ಬಂದು ಕಿವಿಗೊಡು. ನಾಳೆ ಯಾರ ಮಗ ಆ ತೋಡಿನಲ್ಲಿ ಬೀಳುವನೋ ಎಂದು ನಿನ್ನ ಸೀಮೆಯ ಮನೆಮನೆಯಲ್ಲಿ ಹೊಡೆದುಕೊಳ್ಳುತ್ತಿರುವುದೂ ಇದೇ. ಹೆದರಲು ಬಾರದವನ ಕೈಯಲ್ಲಿ ಸೇನೆಯಿರುವುದಕ್ಕಾಗಿ ನಾನು ಹೆದರುತ್ತೇನೆ. ಇದಕ್ಕೆ ನೀತಿಯೆಂಬ ಹೆಸರಿಡುವುದಾದರೆ ಇಡು, ನನ್ನ ಅಭ್ಯಂತರವಿಲ್ಲ."

ಯಾವ ಮಾತಿಗೂ ಮರುಮಾತು ಸಿದ್ಧವಿರುವ ಡೈಸಿ ನನ್ನ ಮುಖವನ್ನು ನೋಡಿದಳು. ಆಮೇಲೆ ದೊರೆಯ ಗತ್ತು ಬಿಡದೆಯೇ ತನ್ನೆದುರಿನ ಲೋಟವನ್ನು ನನ್ನ ಕಡೆಗೆ ಸರಿಸಿ, "ಮಂತ್ರಿ, ನೀನು ನಮ್ಮ ಶತ್ರು. ಆದರೂ ನೀರು ಕುಡಿ," ಎಂದಳು. ಸಭೆ ಚಪ್ಪಾಳೆ ತಟ್ಟಿತು. ಪ್ರಸಂಗದ ಪ್ರಕಾರ ಯುದ್ಧ ನಡೆದೇ ನಡೆಯಿತು. ಅದನ್ನು ತಪ್ಪಿಸುವ ಅಧಿಕಾರ ನಮ್ಮಿಬ್ಬರಿಗೂ ಇರಲಿಲ್ಲ.

ಕೂಟ ಮುಗಿದ ಮೇಲೆ ಹಲವರು ಬಂದು, ಎದೆ ಹೊಡೆದುಕೊಳ್ಳುವುದನ್ನು ನಾನು ಎಷ್ಟು ಸಹಜವಾಗಿ ಅಭಿನಯಿಸಿದೆನೆಂದು ಕೊಂಡಾಡಿದರು. ಆ ಕೀರ್ತಿಯಲ್ಲಿ ತಮಗೆ ಸಲ್ಲಬೇಕಾದ ಪಾಲಿನ ಬಗ್ಗೆ ನಾನು ಯಾರಿಗೂ ಹೇಳಿಲ್ಲ, ಹೇಳುವ ಉದ್ದೇಶವೂ ಇಲ್ಲ. ಅಶಿಸ್ತಿಗೆ ಬಹುಮಾನ ಕೊಡುವುದು ಶಿಕ್ಷಣಶಾಸ್ತ್ರಕ್ಕೆ ವಿರುದ್ಧ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ಓಡುವ ಮುನ್ನ ಕಾರಣವನ್ನು ಲಿಖಿತವಾಗಿ ಸಲ್ಲಿಸಿ, ನನ್ನ ಸಹಿ ಬಿದ್ದ ಬಳಿಕ ಓಡುವ ಕೃಪೆ ಮಾಡಬೇಕು. ಫೋನಿನ ಕರೆಗೂ ಮಹಾಯುದ್ಧಕ್ಕೂ ಒಂದೇ ವೇಗವನ್ನು ಬಳಸುವುದು ಅಲಂಕಾರಶಾಸ್ತ್ರದ ದೃಷ್ಟಿಯಿಂದಲೂ ಔಚಿತ್ಯಭಂಗವಾಗುವುದರಿಂದ, ವಿಷಯದ ತೂಕದ ಬಗ್ಗೆ ಮೊದಲು ನನ್ನ ತಲೆಯೊಡನೆ ಸಮಾಲೋಚಿಸಬೇಕು. ತಲೆಯೇ ತಮ್ಮನ್ನು ಓಡಿಸುತ್ತಿದೆಯೆಂಬ ವೈದ್ಯರ ಅಭಿಪ್ರಾಯವನ್ನು ನಾನು ಬಲ್ಲೆನಾದರೂ, ತಲೆಯ ವಿರುದ್ಧ ನನ್ನ ಬಳಿ ಸದ್ಯಕ್ಕೆ ಯಾವ ದೂರೂ ಇಲ್ಲ. ಅಡೂರಿನವರು ಮುಂದಿನ ತಿಂಗಳ ಕೂಟಕ್ಕೆ ಕರೆದಿದ್ದಾರೆ. ಬರುತ್ತೇನೆಂದು ಹೇಳಿದ್ದೇನೆ. ಈ ಸಲ ಒಂದಕ್ಷರವನ್ನೂ ಬರೆದುಕೊಂಡಿಲ್ಲ. ತಾವೂ ಬರುವಿರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಬಾರದಿದ್ದರೆ ಆಗುವ ಅನನುಕೂಲವನ್ನು ಇಬ್ಬರೂ ಬಲ್ಲೆವು. ಬಂದು, ಬೇಕಾದರೆ ಓಡಿ. ನಾನು ಕುಳಿತಲ್ಲಿಂದ ಏಳುವುದಿಲ್ಲ.

ಬೇರೆ ದಾರಿಯಿಲ್ಲದೆ ತಮ್ಮನ್ನೇ ನಂಬಿಕೊಂಡಿರುವ,
ತಮ್ಮ ವಿಶ್ವಾಸಿ,
ವಾರಿಜಾಕ್ಷಿ
ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೆಳ್ಳೂರು

ಮರುಬಿನ್ನಹ: ತಮ್ಮ ವಿರುದ್ಧವೇ ಇಷ್ಟು ದೀರ್ಘವಾದ ದೂರನ್ನು ಬರೆಯುತ್ತಿದ್ದರೂ ಮೊದಲಕ್ಷರದಿಂದ ಸಹಿಯವರೆಗೆ ತಾವು ಒಮ್ಮೆಯೂ ಓಡದೆ ಶಾಂತರಾಗಿದ್ದುದನ್ನು ಗಮನಿಸಿದ್ದೇನೆ. ಹಾಗಾದರೆ ತಮಗೆ ಬಾರದ್ದೇನಲ್ಲ. ಈ ಸಂಗತಿಯನ್ನು ಡಾಕ್ಟರರಿಗೂ ತಿಳಿಸಲಾಗುವುದು.