ಮಾವ ಕೊಡದ ಒನ್ಸ್ ಮೋರ್

ನನ್ನ ಸೋದರಮಾವನಿಗೆ ಆಗದವರು ಜಗತ್ತಿನಲ್ಲಿ ಯಾರೂ ಇಲ್ಲ, ಸುಖವಾಗಿರುವವರನ್ನು ಬಿಟ್ಟು! ಯಾರಾದರೂ "ಚೆನ್ನಾಗಿದೀನಿ" ಎಂದರೆ ಅವರ ಮುಖ ಬಾಡುತ್ತದೆ. ಕಷ್ಟ ಹೇಳಿಕೊಂಡರೋ, ಕುರ್ಚಿ ಹತ್ತಿರಕ್ಕೆಳೆದು ಕೇಳುವುದು ಒಂದೇ ಪ್ರಶ್ನೆ: "ಇದು ನೀನಾಗಿ ಮಾಡ್ಕೊಂಡಿದ್ದಾ, ಹಣೇಲಿ ಬರೆದಿದ್ದಾ?"

ಎಲ್ಲ ಪೌರಾಣಿಕ ನಾಟಕದ ಹುಚ್ಚು. ಗೌರಿಬಿದನೂರಿನ ಸುತ್ತ ಎಲ್ಲಿ ಹಾರ್ಮೋನಿಯಂ ಕೇಳಿದರೂ ಮಾವ ಗದೆ ಹೊತ್ತು ಹೋಗಿ, ತೊಡೆ ಮುರಿಸಿಕೊಂಡು ಬರುತ್ತಿದ್ದರು. ದುರಂತ ನಾಯಕರಲ್ಲಿ ಆ ಛಲದ ರಾಜನೇ ಹಿರಿಯ ಎಂಬುದು ಅವರ ಸಿದ್ಧಾಂತ. ಹೆಸರು ಹಿಡಿದು ಹೇಳುವುದಿಲ್ಲ, "ನಮ್ಮೋನು" ಎನ್ನುತ್ತಾರೆ. ಹೆಂಗಸರು ಗಂಡನ ವಿಷಯ ಹೇಳುತ್ತಿದ್ದ ಹಾಗೆ!

ಇದನ್ನು ಒಪ್ಪದವರು ಒಬ್ಬರೇ, ಅಲೀಪುರದ ಸಾಹೇಬರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಓಡಾಡುತ್ತಿದ್ದ ರೇಷ್ಮೆ ವ್ಯಾಪಾರಿ. ಅದೇ ನಾಟಕದಲ್ಲಿ ಕೇಳಿದವರಿಗೆ ಕವಚ ಕಿತ್ತುಕೊಟ್ಟ ಗೆಳೆಯನ ಪಾತ್ರ ಅವರದು.

"ನಿಮ್ಮೋನಿಗೆ ಎಲ್ಲ ಇತ್ತು ಗೌಡ್ರೇ, ಹಟ ಮಾಡಿ ಕಳ್ಕೊಂಡ. ನಮ್ಮೋನನ್ನ ಹೆತ್ತ ತಾಯೇ ಕೈಬಿಟ್ಲು."

"ಅದಕ್ಕೇ ಭಾಯ್, ನಿಮ್ಮೋನದು ಹಣೆಬರಹ. ನಮ್ಮೋನದು ಸ್ವಂತ ಸಂಪಾದನೆ!"

ಚಿಂತಾಮಣಿಯ ಒಂದು ಮದುವೆಯ ಊಟದಲ್ಲಿ ಈ ವಾದ ಎಷ್ಟು ಬೆಳೆಯಿತೆಂದರೆ, ಸಾಹೇಬರು ಹೆತ್ತ ತಾಯಿ ಕೈಬಿಟ್ಟ ಸಂಕಟವನ್ನು ಬಣ್ಣಿಸುತ್ತಿದ್ದಂತೆ, ಹೋಳಿಗೆ ಬಡಿಸಲು ಬಂದ ಮದುಮಗಳ ತಾಯಿ ಪಾತ್ರೆ ಕೆಳಗಿಟ್ಟು ಅಳತೊಡಗಿದರು. ನನಗೆ ಹೋಳಿಗೆ ಬರಲಿಲ್ಲ. ಅದಾದರೂ ಹಣೆಬರಹ ತಾನೇ?

ನನಗೆ ಬಿ.ಪಿ. ಬಂದಾಗಲೂ ಅಷ್ಟೇ. ನಾನು ಮೊದಲೇ ಎದೆಯಲ್ಲಿ ಗ್ಯಾಸ್ ಆಡಿದರೆ ಉಯಿಲು ಬರೆಯಲು ಕೂರುವ ಆಸಾಮಿ. ಗಾಬರಿಯಲ್ಲಿ ಮಾವನ ಬಳಿ ಓಡಿದೆ.

"ಏಮಿರಾ, ನೀನಾಗಿ ಮಾಡ್ಕೊಂಡಿದ್ದಾ?"

"ಉಪ್ಪಿನಕಾಯಿ ಬಿಡಕ್ಕಾಗ್ಲಿಲ್ಲ ಮಾವಾ."

"ಭೇಷ್! ನೀನು ನಮ್ಮ ಕಡೆಯೋನು ಕಣೋ!" ಎಂದು ಬೆನ್ನು ತಟ್ಟಿದರು. ಬಿ.ಪಿ. ಇನ್ನೂ ಏರಿತು.

ನಮ್ಮ ಕಡೆ ನಾಟಕದಲ್ಲಿ ಸಾಯುವುದು ಸುಲಭವಲ್ಲ. ಹಾಡು ಚೆನ್ನಾಗಿದ್ದರೆ ಜನ "ಒನ್ಸ್ ಮೋರ್" ಎಂದು ಕೂಗುತ್ತಾರೆ. ಸತ್ತವನು ಎದ್ದು, ಕಿರೀಟ ಸರಿಮಾಡಿಕೊಂಡು, ಹಾಡಿ, ಮತ್ತೆ ಸಾಯಬೇಕು! ಪೆರೇಸಂದ್ರದಲ್ಲಿ ಮಾವ ಮೂರು ಸಲ ಸತ್ತು, ಬೆವರೊರೆಸುತ್ತಾ ಕೇಳಿದರು: "ಲೆಕ್ಕ ಇಟ್ಕೊಂಡ್ರಾ ಭಾಯ್? ನಿಮ್ಮೋನು ಒಂದೇ ಸಲ!"

"ಸರಿಯಾಗಿ ಸತ್ರೆ ಒಂದು ಸಲ ಸಾಕು ಗೌಡ್ರೇ."

ಆದರೆ ಸಾಹೇಬರ ಹಾಡಿಗೆ ಇಡೀ ಪೆಂಡಾಲು ಕೂಗಿದ ದಿನಗಳಲ್ಲೂ ಮಾವ ಮಾತ್ರ ತುಟಿ ಬಿಚ್ಚಿದವರಲ್ಲ. "ಊರೆಲ್ಲ ಕೊಡ್ತು, ನೀವೊಬ್ರು ಕೊಡ್ಲಿಲ್ಲ," ಎಂದು ಸಾಹೇಬರು ಗೊಣಗಿದರೆ, "ಬಾಯ್ತುಂಬ ಎಲೆ ಅಡಿಕೆ ಇತ್ತು ಭಾಯ್," ಎನ್ನುವರು. ಇಷ್ಟು ವರ್ಷವೂ ಅದೇ ಎಲೆ, ಅದೇ ಅಡಿಕೆ!

ಕಳೆದ ತಿಂಗಳು ಸಾಹೇಬರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ನೋಡಲು ಹೊರಟಾಗ ದಾರಿಯುದ್ದಕ್ಕೂ ಮಾವನಿಗೆ ಹೇಳಿದೆ, "ಇವತ್ತೊಂದಿನ ಅವರೋನೇ ದೊಡ್ಡೋನು ಅಂತ ಒಪ್ಕೊಂಡ್ಬಿಡಿ ಮಾವಾ. ಪಾಪ, ಸಮಾಧಾನ ಆಗ್ಲಿ."

ಸಾಹೇಬರು ಗೋಡೆಯ ಕಡೆ ತಿರುಗಿ ಮಲಗಿದ್ದರು. "ಮಾತಾಡಿಸ್ತಾ ಇರಿ, ಮಾತು ಬರುತ್ತೆ ಅಂತಾರೆ ಡಾಕ್ಟ್ರು," ಎಂದರು ಅವರ ಹೆಂಡತಿ. "ಇವ್ರು ತುಟೀನೇ ಅಲ್ಲಾಡ್ಸಲ್ಲ ಅಣ್ಣಾ. ಪ್ರಯತ್ನಾನೇ ಬಿಟ್ಬಿಟ್ಟಿದಾರೆ."

ಮಾವ ಕುರ್ಚಿ ಹತ್ತಿರಕ್ಕೆಳೆದುಕೊಂಡರು. "ಭಾಯ್," ಎಂದರು, "ನಿಮ್ಮೋನು ಕವಚ ಕೊಟ್ಟಿದ್ದು ದಾನ ಅಲ್ಲ. ಹೊಗಳಿಸ್ಕೊಳ್ಳೋ ಚಪಲ!"

ನನಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು. ಮಾವ ನಿಲ್ಲಿಸಲಿಲ್ಲ. "ಕೊನೇಲಿ ರಥದ ಚಕ್ರ ಹೂತ್ಕೊಂತು ಅಂತ ಅತ್ತ. ನಮ್ಮೋನು ತೊಡೆ ಮುರಿದ್ರೂ ಅಳಲಿಲ್ಲ. ಹೂಂ ಅನ್ನಿ, ಸೋತೆ ಅನ್ನಿ!"

ಸಾಹೇಬರು ನಿಧಾನವಾಗಿ ಇತ್ತ ತಿರುಗಿದರು. ಎಡಗೈ ಹೊದಿಕೆಯನ್ನು ಬಿಗಿಯಾಗಿ ಹಿಡಿಯಿತು. ಸೊಟ್ಟಗಾದ ತುಟಿ ಒಮ್ಮೆ ನಡುಗಿತು, ಇನ್ನೊಮ್ಮೆ ನಡುಗಿತು.

"ಸು... ಳ್ಳು."

ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾವ ಎದ್ದು ನಿಂತರು. ಆ ದಿನ ಅವರ ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ಆ ಪುಟ್ಟ ಕೋಣೆಯೇ ಪೆಂಡಾಲು ಎಂಬಂತೆ ಬೀಸಿ, ಒಡೆದ ದನಿಯಲ್ಲಿ ಕೂಗಿದರು:

"ಒನ್ಸ್ ಮೋರ್, ಭಾಯ್! ಒನ್ಸ್ ಮೋರ್!"